ತಮ್ಮ ಕಟ್ಟಿದ ಲೆವೆಲ್, ನಾನು ಅಳಿಸಿದ ಊರು

ಹೋದ ತಿಂಗಳು ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗ ಜಗಲಿ ಮೇಲೆ ಮೊಬೈಲ್ ಹಿಡಿದು ಕೂತಿದ್ದ. ಎಂಟನೇ ಕ್ಲಾಸು. ಒಳಗಿನಿಂದ ಅವನ ಅಮ್ಮ ಬೈಯುತ್ತಿದ್ದರು. "ಬೆಳಗ್ಗಿಂದ ಗೇಮು, ಗೇಮು. ಅದರಿಂದ ನಿಂಗೆ ಎಂತ ಸಿಗುತ್ತೆ ಮಾರಾಯ?"

ನಾನು ಬಗ್ಗಿ ನೋಡಿದೆ. ಹುಡುಗ ಆಡುತ್ತಿರಲಿಲ್ಲ. ಮೈನ್‌ಕ್ರಾಫ್ಟ್ ಅನ್ನೋ ಗೇಮಿನ ಒಳಗೆ ಗೋಡೆ ಎಬ್ಬಿಸುತ್ತಿದ್ದ. "ಎಂತದೋ ಇದು?" ಅಂದೆ. "ನಮ್ಮ ಶಾಲೆ" ಅಂದ. ಬಾವಿ, ಧ್ವಜದ ಕಟ್ಟೆ, ಬಿಸಿಯೂಟದ ಕೋಣೆ ಎಲ್ಲ ಇತ್ತು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹತ್ತು ವರ್ಷದ ಹಿಂದೆ ಇದೇ ಮಾತನ್ನು ನಾನು ನನ್ನ ತಮ್ಮನಿಗೆ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ಅವನು ಕಟ್ಟಿದ್ದನ್ನು ನನ್ನ ಕೈಯಾರೆ ಅಳಿಸಿದ್ದೆ. ಅದನ್ನು ಬರೆಯಲಾ ಅಂತ ತಮ್ಮನನ್ನು ಕೇಳಿದೆ. "ಬರಿ, ನನ್ನ ಹೆಸರು ಹಾಕಬೇಡ" ಅಂದ. ಅದಕ್ಕೇ ಇಲ್ಲಿ ಅವನು ಬರೀ ತಮ್ಮ.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ದಂಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನ ಮನೆ, ಗದ್ದೆ, ಊರು ಎಲ್ಲ ಒಳಗೆ ಹೋಯಿತು. ನಮ್ಮ ಕಡೆ ಇಂಥವರನ್ನು ಮುಳುಗಡೆಯವರು ಅಂತಾರೆ. ಅಜ್ಜನಿಗೆ ಆಗ ಮೂವತ್ತರ ಆಸುಪಾಸು. ದಂಡೆಯ ಮೇಲಿನ ಗುಡ್ಡಕ್ಕೆ ಹತ್ತಿ ಹೊಸದಾಗಿ ಮನೆ ಕಟ್ಟಿಕೊಂಡರು. ಅಲ್ಲೇ ಅಪ್ಪ ಹುಟ್ಟಿದ್ದು, ಅಲ್ಲೇ ನಾವು ಹುಟ್ಟಿದ್ದು.

ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಮಡೆನೂರಿನ ಕಡೆ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುವುದು ನೀವು ಫೋಟೊದಲ್ಲಾದರೂ ನೋಡಿರುತ್ತೀರಿ. ನಮ್ಮ ದಂಡೆಯಲ್ಲಿ ಕಾಣುವುದು ಮರದ ಮೋಟುಗಳು, ಬಿರುಕು ಬಿಟ್ಟ ಕೆಸರು. ಮಕ್ಕಳಾಗಿದ್ದಾಗ ನಾವು ಅದರ ಮೇಲೆ ನಡೆದುಕೊಂಡು ಹೋಗುತ್ತಿದ್ದೆವು. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆಲವು ಕಡೆ ಕಾಲಿಟ್ಟರೆ ಸೊಂಟದ ತನಕ ಹೂತುಹೋಗುತ್ತದೆ. ಅದಕ್ಕೆ ಅಜ್ಜ ಒಂದು ಉಪಾಯ ಹೇಳಿಕೊಟ್ಟಿದ್ದರು. ಮುಂದೆ ಕಲ್ಲು ಎಸೆಯಬೇಕು. ಟಪ್ ಅಂದರೆ ಹೋಗಬಹುದು. ಪಚಕ್ ಅಂದರೆ ಸುತ್ತು ಹಾಕಬೇಕು. ಕಲ್ಲು ಇಲ್ಲದಾಗ ಬಣ್ಣ ನೋಡಬೇಕು, ಒಂದು ಚೂರು ಕಪ್ಪಿದ್ದರೆ ಕಾಲಿಡಬಾರದು.

ಅಜ್ಜನ ಹಳೆಯ ಮನೆಯ ಜಾಗ ಮಾತ್ರ ನಾವು ಯಾವತ್ತೂ ನೋಡಲಿಲ್ಲ. ಅದು ಆಳದಲ್ಲಿದೆ. ಯಾವ ಬೇಸಿಗೆಗೂ ಮೇಲೆ ಬಂದಿಲ್ಲ.

ಈ ಕಲ್ಲೆಸೆಯುವ ವಿಷಯ ಯಾಕೆ ಹೇಳಿದೆ ಅಂದರೆ, ಎಂ.ಎ. ಓದುವಾಗ ಲೈಬ್ರರಿಯಲ್ಲಿ ಒಂದು ಕಾದಂಬರಿ ಸಿಕ್ಕಿತು. ರಷ್ಯನ್ ಭಾಷೆಯದ್ದು, ನಾನು ಓದಿದ್ದು ಇಂಗ್ಲಿಷ್ ಅನುವಾದ. ಹೆಸರು 'ರೋಡ್‌ಸೈಡ್ ಪಿಕ್ನಿಕ್'. ಬರೆದವರು ಅರ್ಕಾದಿ ಮತ್ತು ಬೋರಿಸ್ ಸ್ತ್ರುಗಾತ್ಸ್ಕಿ ಅನ್ನೋ ಅಣ್ಣತಮ್ಮಂದಿರು. ಅಣ್ಣ ಜಪಾನಿ ಭಾಷೆಯ ಅನುವಾದಕ, ತಮ್ಮ ಖಗೋಳ ವಿಜ್ಞಾನಿ. ಕಾದಂಬರಿ ಮೊದಲು ಬಂದದ್ದು 1972ರಲ್ಲಿ, ಸೋವಿಯತ್ ಒಕ್ಕೂಟದ ಒಂದು ಪತ್ರಿಕೆಯಲ್ಲಿ.

ಕತೆ ಹೀಗಿದೆ. ಬೇರೆ ಲೋಕದವರು ಭೂಮಿಗೆ ಬಂದು ಹೋಗಿದ್ದಾರೆ. ಯಾಕೆ ಬಂದರು, ಯಾಕೆ ಹೋದರು ಗೊತ್ತಿಲ್ಲ. ಅವರನ್ನು ಕಂಡವರೂ ಇಲ್ಲ. ಅವರು ಇಳಿದಿದ್ದ ಜಾಗಗಳಲ್ಲಿ ಮಾತ್ರ ವಿಚಿತ್ರ ವಸ್ತುಗಳು ಉಳಿದಿವೆ, ಜೊತೆಗೆ ಕಣ್ಣಿಗೆ ಕಾಣದ ಅಪಾಯಗಳು. ಅಂಥ ಜಾಗಕ್ಕೆ ವಲಯ ಅಂತ ಹೆಸರು. ಸರ್ಕಾರ ಬೇಲಿ ಹಾಕಿ ಕಾವಲಿಟ್ಟಿದೆ. ಆದರೂ ಪಕ್ಕದ ಊರಿನ ಬಡವರು ರಾತ್ರಿ ಕದ್ದು ಒಳಗೆ ಹೋಗಿ ಸಿಕ್ಕಿದ್ದನ್ನು ತಂದು ಮಾರುತ್ತಾರೆ. ಇವರನ್ನು ಸ್ಟಾಕರ್ ಅಂತಾರೆ. ಒಳಗೆ ಹೋಗುವಾಗ ಅವರು ಜೇಬಿನಲ್ಲಿ ಕಬ್ಬಿಣದ ನಟ್ಟು ತುಂಬಿಕೊಂಡು ಹೋಗುತ್ತಾರೆ. ಮುಂದೆ ನಟ್ಟು ಎಸೆಯುವುದು, ಅದು ಹೇಗೆ ಬೀಳುತ್ತೆ ನೋಡುವುದು, ಆಮೇಲೆ ಹೆಜ್ಜೆ ಇಡುವುದು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದು ನಮ್ಮ ಅಜ್ಜನ ಉಪಾಯ.

ಪುಸ್ತಕದ ಹೆಸರಿನ ಅರ್ಥವನ್ನು ಅದರೊಳಗೆ ಒಬ್ಬ ವಿಜ್ಞಾನಿ ಹೇಳುತ್ತಾನೆ. ಯಾರೋ ಕಾರಿನಲ್ಲಿ ಬಂದು ರಸ್ತೆ ಬದಿ ಪಿಕ್ನಿಕ್ ಮಾಡಿ, ಕಸ ಬಿಟ್ಟು ಹೊರಟುಹೋಗುತ್ತಾರೆ. ಆಮೇಲೆ ಪೊದೆಯಿಂದ ಹುಳ, ಇರುವೆ, ಹಕ್ಕಿ ಎಲ್ಲ ಹೊರಗೆ ಬಂದು ಇದೆಂತ ಅಂತ ನೋಡುತ್ತವೆ. ಅನ್ಯಲೋಕದವರ ಭೇಟಿಯೂ ಅಷ್ಟೇ ಇರಬಹುದು, ನಾವು ಅವರ ಲೆಕ್ಕಕ್ಕೇ ಇರಲಿಲ್ಲವೇನೋ ಅಂತಾನೆ. ಜೋಗದ ದಾರಿಯಲ್ಲಿ ಭಾನುವಾರ ಸಂಜೆ ಬಿದ್ದಿರುವ ಬಾಟಲಿ, ಚಿಪ್ಸ್ ಪೊಟ್ಟಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮನಿಗೆ ಇಂಗ್ಲಿಷ್ ಓದುವುದು ಕಷ್ಟ. ಆಗ ಅವನು ಸೆಕೆಂಡ್ ಪಿಯುಸಿ. ಆ ವರ್ಷ ಅಡಿಕೆ ಕೊಯ್ಲಿಗೆ ನಾನು ಊರಿಗೆ ಬಂದಿದ್ದೆ. ರಾತ್ರಿ ಎಲ್ಲ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತ ಕೂತಾಗ ಯಾರಾದರೂ ಕತೆ ಹೇಳಬೇಕು, ಇಲ್ಲದಿದ್ದರೆ ನಿದ್ದೆ ಬರುತ್ತದೆ. ಐದು ರಾತ್ರಿ ನಾನು ಈ ಕಾದಂಬರಿ ಹೇಳಿದೆ. ಅಮ್ಮ ಮಧ್ಯೆ ಮಧ್ಯೆ "ಹೂಂ" ಅನ್ನುತ್ತಿದ್ದರು. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ತಮ್ಮ ಮಾತ್ರ ಸುಲಿಯುವುದನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ. ಬೇಲಿಯಿಂದ ಒಳಗೆ ಎಷ್ಟು ದೂರ? ಗ್ಯಾರೇಜು ಎಡಗಡೆಯೋ ಬಲಗಡೆಯೋ? ನಟ್ಟು ಬೀಳುವಾಗ ಸಪ್ಪಳ ಬರುತ್ತೋ ಇಲ್ಲವೋ?

ನನಗೆ ಗೊತ್ತಿರಲಿಲ್ಲ. ಪುಸ್ತಕ ಓದುವಾಗ ನಾನು ಅದನ್ನೆಲ್ಲ ನೋಡಿರಲೇ ಇಲ್ಲ. ಕತೆ ಎಲ್ಲಿಗೆ ಹೋಗುತ್ತೆ ಅಂತ ಓಡಿದ್ದೆ. ಅವನು ಆ ಜಾಗದಲ್ಲಿ ನಿಲ್ಲಲು ನೋಡುತ್ತಿದ್ದ.

ಈ ಕಾದಂಬರಿ ಒಂದು ಗೇಮ್ ಆಗಿದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸಾಗರದ ಗೆಳೆಯನೊಬ್ಬನ ಮನೆಯಲ್ಲಿ ನೋಡಿದ್ದನಂತೆ. 2007ರಲ್ಲಿ ಉಕ್ರೇನಿನ ಕೀವ್ ನಗರದ ಜಿಎಸ್‌ಸಿ ಗೇಮ್ ವರ್ಲ್ಡ್ ಅನ್ನೋ ಕಂಪನಿ 'ಸ್ಟಾಕರ್: ಶ್ಯಾಡೊ ಆಫ್ ಚೆರ್ನೋಬಿಲ್' ಅಂತ ತಂದದ್ದು ಅದು. ಕಾದಂಬರಿಯ ವಲಯವನ್ನು ಅವರು ತಮ್ಮದೇ ದೇಶದ ನಿಜವಾದ ಗಾಯದ ಮೇಲೆ ಕೂರಿಸಿದ್ದರು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸ್ಫೋಟವಾಯಿತು. ಮರುದಿನ ಪಕ್ಕದ ಪ್ರಿಪ್ಯಾತ್ ನಗರದ ಸುಮಾರು 49 ಸಾವಿರ ಜನರನ್ನು ಬಸ್ಸಿನಲ್ಲಿ ಹೊರಗೆ ಸಾಗಿಸಿದರು. ಯಾರೂ ಮತ್ತೆ ಅಲ್ಲಿಗೆ ಬಾಳಲು ಹೋಗಲಿಲ್ಲ. ಆ ಖಾಲಿ ನಗರ, ಶಾಲೆ, ತುಕ್ಕು ಹಿಡಿದ ಜಯಂಟ್ ವೀಲ್ ಈ ಗೇಮುಗಳಲ್ಲಿ ಬರುತ್ತವೆ. ಕಾದಂಬರಿಯ ನಟ್ಟು ಗೇಮಿನಲ್ಲಿ ಬೋಲ್ಟ್ ಆಗಿದೆ. ಕಾದಂಬರಿಯ ಕೊನೆಯಲ್ಲಿ ಕೇಳಿದ ವರ ಕೊಡುವ ಬಂಗಾರದ ಗೋಳ ಬರುತ್ತದೆ, ಗೇಮಿನಲ್ಲೂ ಅಂಥದ್ದೊಂದು ಸ್ಥಾವರದ ನಡುವೆ ಕಾದಿದೆ.

ಆದರೆ ಆ ಗೇಮ್ ನಮ್ಮ ಕಂಪ್ಯೂಟರಿನಲ್ಲಿ ಓಡುವುದು ಕನಸಿನ ಮಾತು. ನಮ್ಮದು ಸೆಕೆಂಡ್ ಹ್ಯಾಂಡ್ ಪೆಂಟಿಯಂ 4, 512 ಎಂಬಿ ರ‍್ಯಾಮ್. ಯುಪಿಎಸ್ ಇಲ್ಲ. ಕರೆಂಟ್ ಹೋದರೆ ಕತೆ ಮುಗಿಯಿತು. ಅದರಲ್ಲಿ ಓಡುತ್ತಿದ್ದ ಒಂದೇ ಗೇಮ್ 'ಡೂಮ್'.

ಡೂಮ್ 1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್ ಬಿಡುಗಡೆ ಮಾಡಿದ ಗೇಮ್. ಕತೆ ದೊಡ್ಡದೇನಲ್ಲ, ಬಂದೂಕು ಹಿಡಿದು ದೆವ್ವಗಳನ್ನು ಕೊಲ್ಲುವುದು. ಆದರೆ ಅದನ್ನು ಮಾಡಿದವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಗೇಮ್ ಓಡಿಸುವ ಯಂತ್ರವನ್ನೂ ಅದರ ಕೋಣೆ, ಗೋಡೆ, ಚಿತ್ರಗಳನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟರು. ಹಂಡೆ ಅದೇ, ಅಡಿಕೆ ಮಾತ್ರ ನಿಮ್ಮದು ಹಾಕಿಕೊಳ್ಳಿ ಅಂದ ಹಾಗೆ. 1994ರಲ್ಲೇ ಆಟಗಾರರು ತಮ್ಮದೇ ಎಡಿಟರ್ ಬರೆದುಕೊಂಡು ಹೊಸ ಜಾಗಗಳನ್ನು ಕಟ್ಟಲು ಶುರು ಮಾಡಿದರು. ಗೇಮಿನ ಒಳಗೆ ಆಡುವ ಇಂಥ ಒಂದೊಂದು ಜಾಗಕ್ಕೆ ಲೆವೆಲ್ ಅಂತಾರೆ. ಅದೇ ವರ್ಷ 'ಏಲಿಯನ್ಸ್' ಸಿನಿಮಾವನ್ನು ಒಬ್ಬ ಅಭಿಮಾನಿ ಡೂಮಿನೊಳಗೆ ಕಟ್ಟಿದ. 1997ರಲ್ಲಿ ಕಂಪನಿಯೇ ಗೇಮಿನ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇವತ್ತಿಗೂ ಜನ ಅದರಲ್ಲಿ ಹೊಸ ಲೆವೆಲ್ ಕಟ್ಟುತ್ತಿದ್ದಾರೆ. 2023ರಲ್ಲಿ ಬಂದ 'ಮೈಹೌಸ್' ಅನ್ನೋ ಲೆವೆಲ್ ಅಂತೂ ಹೊರಗಿನಿಂದ ಚಿಕ್ಕ, ಒಳಗೆ ಮುಗಿಯದಷ್ಟು ದೊಡ್ಡ ಮನೆಯ ಕತೆ ಹೇಳುವ 'ಹೌಸ್ ಆಫ್ ಲೀವ್ಸ್' ಕಾದಂಬರಿಯಿಂದ ಹುಟ್ಟಿದ್ದು.

ಗೆಳೆಯನ ಪೆನ್‌ಡ್ರೈವಿನಲ್ಲಿ ತಮ್ಮ ಅಂಥ ಒಂದು ಎಡಿಟರ್ ತಂದ. ಅಡಿಕೆ ಸುಲಿದು ಮುಗಿದ ಮೇಲೆ, ಹತ್ತು ಗಂಟೆ ದಾಟಿದ ಮೇಲೆ ಕೂರುತ್ತಿದ್ದ.

ಅವನು ಕಟ್ಟಿದ್ದು ರಷ್ಯನ್ ಕಾದಂಬರಿಯ ವಲಯ. ಆದರೆ ಕಟ್ಟಲು ಶುರು ಮಾಡಿದಾಗ ಅವನಿಗೆ ಆ ದೇಶದ ರಸ್ತೆ, ಗ್ಯಾರೇಜು ಯಾವುದೂ ಗೊತ್ತಿಲ್ಲ. ಗೊತ್ತಿದ್ದ ವಲಯ ಒಂದೇ, ನಮ್ಮ ಹಿನ್ನೀರಿನ ಕೆಸರು. ಡೂಮಿನಲ್ಲಿ ಸುಟ್ಟ ಮರ, ಮರದ ಮೋಟು ಮೊದಲೇ ಇವೆ. ಅವನ್ನೇ ಸಾಲಾಗಿ ನಿಲ್ಲಿಸಿದ. ಕಂದು ನೆಲ ಹಾಸಿದ. ನೋಡಿದರೆ ಏಪ್ರಿಲ್ ತಿಂಗಳ ನಮ್ಮ ದಂಡೆಯೇ.

ಕಾಣದ ಅಪಾಯ ಹೇಗೆ ಮಾಡಿದ ಅನ್ನೋದು ನನಗೆ ತುಂಬಾ ಆಮೇಲೆ ಅರ್ಥ ಆಯಿತು. ಡೂಮಿನಲ್ಲಿ ಹಸಿರು ವಿಷದ ನೆಲ ಇರುತ್ತದೆ. ಅದರ ಮೇಲೆ ನಿಂತರೆ ಹತ್ತಿರ ಹತ್ತಿರ ಸೆಕೆಂಡಿಗೊಂದು ಸಲ ಆಟಗಾರನ ಜೀವ ಕಡಿಮೆಯಾಗುತ್ತ ಹೋಗುತ್ತದೆ. ಆದರೆ ಆ ಶಕ್ತಿ ಇರುವುದು ಹಸಿರು ಬಣ್ಣದಲ್ಲಿ ಅಲ್ಲ. ನೆಲದ ಪ್ರತಿ ತುಂಡಿಗೂ ಎಡಿಟರಿನಲ್ಲಿ ಒಂದು ನಂಬರ್ ಕೊಡಬಹುದು. 7 ಕೊಟ್ಟರೆ ಸ್ವಲ್ಪ ಸುಡುತ್ತದೆ, 16 ಕೊಟ್ಟರೆ ಜೋರಾಗಿ ಸುಡುತ್ತದೆ. ಬಣ್ಣ ಯಾವುದಿದ್ದರೂ ಸರಿ. ತಮ್ಮ ಆ ನಂಬರನ್ನು ಸಾಧಾರಣ ಕೆಸರಿಗೆ ಕೊಟ್ಟ. ಎಲ್ಲ ಕಡೆ ಒಂದೇ ಕಂದು ನೆಲ, ಎಲ್ಲಿ ಸುಡುತ್ತೆ ಗೊತ್ತಾಗುವುದಿಲ್ಲ.

ಡೂಮಿನಲ್ಲಿ ನಟ್ಟು ಎಸೆಯಲು ಬರುವುದಿಲ್ಲ. ಹಾಗಾದರೆ ಆಡುವವನಿಗೆ ದಾರಿ ಹೇಗೆ ಸಿಗಬೇಕು? ಅವನು ಅಜ್ಜನ ಎರಡನೇ ಉಪಾಯ ಹಿಡಿದ. ಪ್ರತಿ ತುಂಡು ನೆಲಕ್ಕೂ ಬೆಳಕಿನ ಅಳತೆ ಕೊಡಬಹುದು, 0ಯಿಂದ 255ರ ತನಕ. ಸುತ್ತಲೂ 144 ಇಟ್ಟು ಅಪಾಯದ ತುಂಡಿಗೆ ಮಾತ್ರ 128 ಇಟ್ಟ. ಓಡಿದರೆ ಕಾಣುವುದಿಲ್ಲ. ನಿಂತು ನೋಡಿದರೆ ಒಂದು ಚೂರು ಕಪ್ಪು.

ಬಂದೂಕು ಇಟ್ಟಿದ್ದ, ದೆವ್ವ ಒಂದೂ ಇಟ್ಟಿರಲಿಲ್ಲ. "ಎಂತದೋ, ಕೊಲ್ಲಲಿಕ್ಕೆ ಯಾರೂ ಇಲ್ಲವಲ್ಲ?" ಅಂತ ನಾನು ನಕ್ಕಿದ್ದೆ. "ನೀ ಹೇಳಿದ ಕತೇಲಿ ಅಲ್ಲಿ ಯಾರಿದ್ರು?" ಅಂದ.

ಕೆಸರು ದಾಟಿದ ಮೇಲೆ ಒಂದು ಮನೆ. ಕಾದಂಬರಿಯಲ್ಲಿ ಬಂಗಾರದ ಗೋಳ ಇರುವುದು ಒಂದು ಕಲ್ಲುಗಣಿಯಲ್ಲಿ. ತಮ್ಮ ಅದನ್ನು ಅಜ್ಜನ ಹಳೆಯ ಮನೆಯ ದೇವರ ಕೋಣೆಯಲ್ಲಿ ಇಟ್ಟ. ಅದಕ್ಕಾಗಿ ಅಜ್ಜನ ಹತ್ತಿರ ಕೂತು ಲೆಕ್ಕ ಬರೆದುಕೊಳ್ಳುತ್ತಿದ್ದ. ಜಗಲಿಯಿಂದ ಒಳಗಿನ ಬಾಗಿಲಿಗೆ ಎಷ್ಟು ಹೆಜ್ಜೆ? ಕೊಟ್ಟಿಗೆ ಯಾವ ದಿಕ್ಕಿಗೆ? ಬಾವಿ ಅಂಗಳದ ಒಳಗೋ ಹೊರಗೋ? ಅಜ್ಜ ಐವತ್ತು ವರ್ಷದಿಂದ ಯಾರೂ ಕೇಳದಿದ್ದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ನಾನು ಅದೇ ಮನೆಯಲ್ಲಿದ್ದೆ. ಪತ್ರಿಕೋದ್ಯಮ ಓದುತ್ತಿದ್ದೆ. ಸಂದರ್ಶನ ಮಾಡುವುದು ಹೇಗೆ ಅಂತ ನಮಗೆ ಒಂದು ಪೇಪರೇ ಇತ್ತು. ನಾನು ಅಜ್ಜನಿಗೆ ಒಂದು ಪ್ರಶ್ನೆ ಕೇಳಲಿಲ್ಲ.

ಒಂದು ದಿನ ಅಜ್ಜನನ್ನು ಕಂಪ್ಯೂಟರ್ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ. ತಾನೇ ಕೀ ಒತ್ತಿ ನಡೆಸಿದ. ಅಜ್ಜ ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಪರದೆಗೆ ಬೆರಳು ಇಟ್ಟು, "ಕೊಟ್ಟಿಗೆ ಆ ಕಡೆ ಅಲ್ಲ ಮಾರಾಯ, ಈ ಕಡೆ. ಅಲ್ಲಿದ್ದದ್ದು ಹಲಸಿನ ಮರ" ಅಂದರು. ಮರುದಿನ ಕೊಟ್ಟಿಗೆ ಈ ಕಡೆ ಬಂತು.

"ಅಟ್ಟ ಎಲ್ಲಿ?" ಅಂತ ಕೇಳಿದರು. ಅಲ್ಲಿ ತಮ್ಮ ಸಿಕ್ಕಿಬಿದ್ದ. ಡೂಮಿನಲ್ಲಿ ಕೋಣೆಯ ಮೇಲೆ ಕೋಣೆ ಕಟ್ಟಲು ಬರುವುದಿಲ್ಲ. ನೆಲದ ನಕ್ಷೆ ಮೇಲಿನಿಂದ ನೋಡಿದ ಹಾಗೆ ಒಂದೇ ಪದರ, ಒಂದು ಜಾಗದಲ್ಲಿ ಒಂದೇ ನೆಲ, ಒಂದೇ ಸೂರು. ಹಾಗೆ ಹೇಳಿದರೆ ಅಜ್ಜ, "ಅಟ್ಟ ಇಲ್ಲದ ಮನೆ ಎಂತ ಮನೆ?" ಅಂದರು. ತಮ್ಮ ಎರಡು ದಿನ ತಲೆ ಕೆಡಿಸಿಕೊಂಡ. ಕೊನೆಗೆ ನಕ್ಷೆಯ ಬೇರೆ ಮೂಲೆಯಲ್ಲಿ ಅಟ್ಟ ಕಟ್ಟಿ, ಏಣಿಯ ಕೊನೆಯ ಮೆಟ್ಟಿಲಿಗೆ ಕಾಲಿಟ್ಟ ಕೂಡಲೆ ಅಲ್ಲಿಗೆ ಹಾರಿಸುವ ಹಾಗೆ ಮಾಡಿದ. ಅಜ್ಜನಿಗೆ ಏಣಿ ಹತ್ತಿ ಅಟ್ಟಕ್ಕೆ ಹೋದ ಹಾಗೇ ಕಂಡಿತು. "ಹಾಂ, ಈಗ ಸರಿ" ಅಂದರು.

ಕತೆಯ ಕೊನೆಯ ರಾತ್ರಿ ಅವನು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ. ಕಾದಂಬರಿಯಲ್ಲಿ ಬಂಗಾರದ ಗೋಳಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಣದ ಬಲೆ ಇದೆ. ಅದು ಯಾರನ್ನಾದರೂ ಒಬ್ಬರನ್ನು ನುಂಗಿದರೆ ಸ್ವಲ್ಪ ಹೊತ್ತು ದಾರಿ ಬಿಡುತ್ತದೆ. ಅದಕ್ಕೆ ನಾಯಕ ರೆಡ್ರಿಕ್ ಏನೂ ಗೊತ್ತಿಲ್ಲದ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಹುಡುಗ ಸಾಯುತ್ತಾನೆ, ರೆಡ್ರಿಕ್ ಗೋಳದ ತನಕ ತಲುಪುತ್ತಾನೆ. ತಲುಪಿದ ಮೇಲೆ ತನಗಾಗಿ ಏನು ಕೇಳಬೇಕು ಅಂತಲೇ ಅವನಿಗೆ ಹೊಳೆಯುವುದಿಲ್ಲ.

"ಒಬ್ಬರು ಮುಟ್ಟಬೇಕಾದ್ರೆ ಇನ್ನೊಬ್ಬರು ಹೋಗಲೇಬೇಕಾ ಅಣ್ಣ?" ಅಂದ.

"ಕತೆ ಅದು" ಅಂದೆ.

ಆ ವರ್ಷ ಅಪ್ಪನ ಸೊಂಟ ಬಿದ್ದಿತ್ತು. ಇಬ್ಬರನ್ನೂ ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಹೀಗೆ ಮಾಡೋಣ ಅಂತ ಯಾರೂ ಕೂತು ಮಾತಾಡಲಿಲ್ಲ. ಪಿಯುಸಿ ಮುಗಿದ ಮೇಲೆ ತಮ್ಮ ತೋಟಕ್ಕೆ ಇಳಿದ, ನಾನು ಹಾಸ್ಟೆಲಿಗೆ ವಾಪಸ್ ಹೋದೆ.

ಅವನು ತನ್ನ ಲೆವೆಲ್ಲಿಗೆ ಬೇರೆ ಕೊನೆ ಮಾಡಿದ್ದ. ಹುಡುಗ ಇಲ್ಲ. ದೇವರ ಕೋಣೆಗೆ ಆಟಗಾರ ಒಬ್ಬನೇ ಹೋಗಬೇಕು. ಡೂಮಿನಲ್ಲಿ 11ನೇ ನಂಬರಿನ ನೆಲ ಅಂತ ಒಂದಿದೆ. ಅದು ಜೋರಾಗಿ ಸುಡುತ್ತದೆ. ಆದರೆ ಜೀವ 100ರಿಂದ ಇಳಿದು 10ಕ್ಕೆ ಬಂದಾಗ ಲೆವೆಲ್ ಮುಗಿಯುತ್ತದೆ. ಡೂಮಿನ ಮೊದಲ ಭಾಗದ ಕೊನೆಗೆ ಮೂಲ ಕಂಪನಿಯವರು ಬಳಸಿದ್ದು ಅದನ್ನೇ. ತಮ್ಮ ದೇವರ ಕೋಣೆಯ ನೆಲಕ್ಕೆ ಆ ನಂಬರ್ ಕೊಟ್ಟಿದ್ದ. ಅಲ್ಲಿ ಓಡಬಾರದು. ಇನ್ನೇನು ಸತ್ತೆ ಅನ್ನುವ ತನಕ ಸುಮ್ಮನೆ ನಿಲ್ಲಬೇಕು. ಆಗ ಮುಗಿಯುತ್ತದೆ.

ನಾನು ಅದನ್ನು ಒಂದು ಸಲ ಆಡಿದೆ. ಅಲ್ಲಿ ನೆಲ ಸುಡತೊಡಗಿದಾಗ ಹೆದರಿ ಹೊರಗೆ ಓಡಿ ಬಂದೆ. "ಎಂತದೋ ಇದು, ಮುಗಿಯೋದೇ ಇಲ್ಲ" ಅಂದೆ. "ಇಡೀ ರಾತ್ರಿ ಇದರ ಮುಂದೆ ಕೂರ್ತೀಯಲ್ಲ, ಇದರಿಂದ ನಿಂಗೆ ಎಂತ ಸಿಗುತ್ತೆ?" ಅಂತಲೂ ಅಂದೆ. ಅವನು ಮಾನಿಟರ್ ಆರಿಸಿ ಮಲಗಲು ಹೋದ.

ಮುಂದಿನ ವರ್ಷ, 2016ರಲ್ಲಿ, ನನಗೆ ಕೆಲಸ ಸಿಕ್ಕಿತು. ಸೇರುವ ಮೊದಲು ಒಂದು ವಾರ ಊರಿನಲ್ಲಿದ್ದೆ. ಕಂಪ್ಯೂಟರಿಗೆ ವೈರಸ್ ಬಂದು ನಿಧಾನವಾಗಿತ್ತು. ನನಗೆ ಒಂದು ವರದಿ ಬರೆದು ಕಳಿಸಬೇಕಿತ್ತು. ವಿಂಡೋಸ್ ಸಿಡಿ ತಂದಿದ್ದೆ. ನನ್ನ ಫೋಲ್ಡರ್, ಕಾಲೇಜಿನ ಅಸೈನ್‌ಮೆಂಟು, ಟೂರಿನ ಫೋಟೊ ಎಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಆಮೇಲೆ ಇಡೀ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿದೆ.

ಆ ಹೊತ್ತಿಗೆ ತಮ್ಮ ತೋಟದಲ್ಲಿದ್ದ. ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ನಾನು ಕೂಗಲಿಲ್ಲ. ಅವನದ್ದೂ ಅದರಲ್ಲಿ ಏನಾದರೂ ಇರಬಹುದು ಅಂತ ನನಗೆ ಅನ್ನಿಸಲೇ ಇಲ್ಲ. ಗೇಮು ತಾನೇ, ಬೇಕಾದರೆ ಮತ್ತೆ ಹಾಕಿಕೊಳ್ಳುತ್ತಾನೆ.

ಸಂಜೆ ಬಂದು ಕಂಪ್ಯೂಟರ್ ಹಚ್ಚಿದ. ಹೊಸ ನೀಲಿ ಪರದೆ ನೋಡಿದ. ಡಿ ಡ್ರೈವ್ ತೆರೆದ. ಖಾಲಿ. ಮತ್ತೆ ಒಂದು ಸಲ ಮುಚ್ಚಿ ತೆರೆದ. ನಾನು ಹಿಂದೆಯೇ ನಿಂತಿದ್ದೆ. ಆಗ ನೆನಪಾಯಿತು.

"ಕಾಪಿ ಇದೆಯಾ?" ಅಂತ ಕೇಳಿದೆ.

"ಇಲ್ಲ. ಇರ್ಲಿ ಬಿಡು" ಅಂದ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮತ್ತೆ ಯಾವತ್ತೂ ಅವನು ಆ ಎಡಿಟರ್ ಹಾಕಿಕೊಳ್ಳಲಿಲ್ಲ. ಕಡತದ ಗಾತ್ರ 350 ಕೆಬಿ ಇತ್ತಂತೆ. ಈಗ ನಾವು ವಾಟ್ಸಾಪಿನಲ್ಲಿ ಕಳಿಸುವ ಎಷ್ಟೋ ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ. ನನ್ನ ಪೆನ್‌ಡ್ರೈವಿನಲ್ಲಿ ಆ ದಿನ ಜಾಗ ಬೇಕಾದಷ್ಟಿತ್ತು.

ಅದಾದ ಮರುವರ್ಷ ಅಜ್ಜ ತೀರಿಕೊಂಡರು. ಹಳೆಯ ಮನೆಯಲ್ಲಿ ಕೊಟ್ಟಿಗೆ ಯಾವ ಕಡೆಗಿತ್ತು ಅಂತ ಹೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಅಪ್ಪ ಹುಟ್ಟಿದ್ದೇ ಮುಳುಗಿದ ಮೇಲೆ.

ಕೆಲಸಕ್ಕೆ ಸೇರಿದ ಮೇಲೆ ಒಂದು ಸಲ ಗೇಮುಗಳ ಬಗ್ಗೆ ಬರೆಯಬೇಕಾಗಿ ಬಂತು. ಆಗ ಓದುತ್ತ ಹೋದ ಹಾಗೆ ನನಗೆ ನಾಚಿಕೆಯಾಯಿತು. ಸ್ಟಾಕರ್ ಗೇಮ್ ಮಾಡುವಾಗ ಕಂಪನಿ ಎಷ್ಟೋ ಜಾಗಗಳನ್ನು ಕಟ್ಟಿ, ಸಮಯ ಸಾಲದೆ ಕೈಬಿಟ್ಟಿತ್ತು. ಹಳೆಯ ಕಡತಗಳು ಹೊರಗೆ ಬಂದಾಗ ಅಭಿಮಾನಿಗಳು ಅವನ್ನು ಹೆಕ್ಕಿ, ಮುರಿದ ಜಾಗಗಳನ್ನು ಕೂಡಿಸಿ, ಇಲ್ಲದ್ದನ್ನು ತಾವೇ ಕಟ್ಟಿ 2014ರಲ್ಲಿ 'ಲಾಸ್ಟ್ ಆಲ್ಫಾ' ಅಂತ ಬಿಟ್ಟರು. ದುಡ್ಡಿಗಲ್ಲ, ಪುಕ್ಕಟೆ. ಬೇರೆ ಕೆಲವರು ಸ್ಟಾಕರ್ ಸರಣಿಯ ಎಲ್ಲ ಗೇಮುಗಳ ಜಾಗಗಳನ್ನು ಒಂದಕ್ಕೊಂದು ಹೊಲಿದು ಒಂದೇ ದೊಡ್ಡ ವಲಯ ಮಾಡಿದ್ದಾರೆ. ಡೂಮಿಗೆ 1994ರಲ್ಲಿ ಯಾರೋ ಕಟ್ಟಿದ ಲೆವೆಲ್ಲುಗಳೂ ಇಂಟರ್‌ನೆಟ್ಟಿನ ಒಂದು ದೊಡ್ಡ ಕಣಜದಲ್ಲಿ ಜೋಪಾನವಾಗಿವೆ. ನೀವು ಇವತ್ತು ಇಳಿಸಿಕೊಂಡು ಆಡಬಹುದು. ಕಾಲೇಜು ಹುಡುಗರು ರಾತ್ರಿ ನಿದ್ದೆಗೆಟ್ಟು ಕಟ್ಟಿದ ಕೋಣೆಗಳನ್ನು ಆ ಜನ ಶಾಸನದ ಹಾಗೆ ಕಾಪಾಡಿದ್ದಾರೆ.

ಆ ಕಾದಂಬರಿಗೂ ಇಂಥದ್ದೇ ಗತಿಯಾಗಿತ್ತು. ಪುಸ್ತಕವಾಗಿ ತರುವಾಗ ಸೋವಿಯತ್ ಪ್ರಕಾಶಕರು ಅಲ್ಲಿ ತಿದ್ದು, ಇಲ್ಲಿ ತೆಗೆ ಅಂತ ವರ್ಷಗಟ್ಟಲೆ ಸತಾಯಿಸಿದ್ದರು. ಅದನ್ನು ತಮ್ಮ ಬೋರಿಸ್ ಆಮೇಲೆ ಬರೆದಿದ್ದಾರೆ. ಅಣ್ಣ ಅರ್ಕಾದಿ 1991ರಲ್ಲೇ ತೀರಿಕೊಂಡಿದ್ದರು. ಕೊನೆಗೆ ಮೂಲದ ಹಾಗೇ ಇರುವ ಪಾಠ ಹೊರಬಂತು. 2012ರಲ್ಲಿ ಅದರ ಹೊಸ ಇಂಗ್ಲಿಷ್ ಅನುವಾದ ಬಂತು, ಲೈಬ್ರರಿಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಅದೇ. ಮೂಲ ಎಲ್ಲೋ ಉಳಿದಿದ್ದಕ್ಕೆ ಅದು ವಾಪಸ್ ಬಂತು.

ನಮ್ಮದು ಎಲ್ಲೂ ಉಳಿದಿರಲಿಲ್ಲ.

ಹೋದ ತಿಂಗಳು, ಆ ಹುಡುಗನನ್ನು ನೋಡಿದ ಮರುದಿನ, ತಮ್ಮನ ಹತ್ತಿರ ಕೇಳಿದೆ. "ಆ ಲೆವೆಲ್ ನೆನಪಿದೆಯಾ ನಿಂಗೆ?" ಅವನು ಮೋಟಾರಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಒರೆಸಿಕೊಂಡು, ಗೋಡೆಗೆ ಸಿಕ್ಕಿಸಿದ್ದ ಅಡಿಕೆ ಸೊಸೈಟಿಯ ಚೀಟಿ ತೆಗೆದು ಹಿಂಬದಿಯಲ್ಲಿ ಗೆರೆ ಎಳೆಯತೊಡಗಿದ. ಬೇಲಿ. ಕೆಸರು. ಮೋಟುಗಳು. ಸುಡುವ ತುಂಡುಗಳಿಗೆ ಅಡ್ಡಗೆರೆ ಹೊಡೆದ. ಅಂಗಳ, ಬಾವಿ, ಜಗಲಿ. ಜಗಲಿಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ ಅಂತ ಬರೆದ. ಕೊಟ್ಟಿಗೆ ಹಾಕುವಾಗ ಒಂದು ಕ್ಷಣ ನಿಂತ. ಆಮೇಲೆ ಈ ಕಡೆಗೆ ಹಾಕಿದ. ಆ ಕಡೆ ಒಂದು ಸೊನ್ನೆ ಸುತ್ತಿ ಹಲಸು ಅಂತ ಬರೆದ.

"ಅಟ್ಟ?" ಅಂದೆ.

ನಕ್ಕ. ಚೀಟಿಯ ಇನ್ನೊಂದು ಮೂಲೆಯಲ್ಲಿ ಒಂದು ಚೌಕ ಹಾಕಿ, ಏಣಿಯಿಂದ ಅಲ್ಲಿಗೆ ಬಾಣ ಎಳೆದ.

ದೇವರ ಕೋಣೆ ಬಿಡಿಸುವಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಬಂತು. ಸ್ಟಾರ್ಟರ್ ಮುಚ್ಚಿ ಎತ್ತಿಕೊಂಡು ತೋಟಕ್ಕೆ ಹೊರಟ. "ಉಳಿದದ್ದು ರಾತ್ರಿ ಹಾಕಿಕೊಡ್ತೀನಿ" ಅಂದ. ರಾತ್ರಿ ಹಾಕಿಕೊಟ್ಟ. ಆ ಕೋಣೆಯ ಒಳಗೆ 11 ಅಂತ ಬರೆದಿದ್ದ.

ಚೀಟಿಯ ಫೋಟೊ ತೆಗೆದು ಮೂರು ಕಡೆ ಇಟ್ಟಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಡಿಟರ್ ಹಾಕಿಕೊಂಡಿದ್ದೇನೆ. ಈಗ ರಾತ್ರಿ ನಾನು ಕೂರುತ್ತೇನೆ. ಬೇಲಿ ಮತ್ತು ಅರ್ಧ ಕೆಸರು ಆಗಿದೆ. ನನ್ನ ಕೈ ಬಹಳ ನಿಧಾನ. ಗೋಡೆ ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಬಿಡುತ್ತದೆ. ಫೋನ್ ಮಾಡಿ ಕೇಳಿದರೆ ತಮ್ಮ ತೋಟದಿಂದಲೇ ಹೇಳುತ್ತಾನೆ, ಆ ಗೆರೆ ತಿರುಗಿಸು, ಬೆಳಕು 16 ಇಳಿಸು. ಇದನ್ನೂ ಹೇಳಿದ: "ಆ ಹುಡುಗಂಗೆ ಬೈಬೇಡಿ ಅಂತ ಪಕ್ಕದ ಮನೆ ಅಕ್ಕಂಗೆ ಹೇಳು."

ಹೇಳಿ ಬಂದಿದ್ದೇನೆ. ನಿಮಗೂ ಅಷ್ಟೇ ಹೇಳುವುದು. ನಿಮ್ಮ ಮನೆಯ ಮಕ್ಕಳು ಮೊಬೈಲ್ ಹಿಡಿದಾಗ ಬೈಯುವ ಮೊದಲು ಒಂದು ಸಲ ಬಗ್ಗಿ ನೋಡಿ. ಎಲ್ಲರೂ ಏನೋ ಕಟ್ಟುತ್ತಿರುತ್ತಾರೆ ಅಂತಲ್ಲ. ಬಹಳ ಸಲ ಬರೀ ಆಟವೇ ಇರುತ್ತದೆ, ಆಗ ಬೈಯಿರಿ. ಆದರೆ ಕಟ್ಟುತ್ತಿದ್ದರೆ, ಎಂತ ಕಟ್ಟುತ್ತಿದ್ದೀಯ ಅಂತ ಕೇಳಿ. ಫೋನ್ ರಿಪೇರಿಗೆ ಕೊಡುವ ಮೊದಲು, ರೀಸೆಟ್ ಒತ್ತುವ ಮೊದಲು, ನಿನ್ನದು ಇದರಲ್ಲಿ ಏನಾದರೂ ಇದೆಯಾ ಅಂತ ಒಂದು ಮಾತು ಕೂಗಿ. ತೋಟದಲ್ಲಿದ್ದರೂ ಕೇಳಿಸುತ್ತದೆ.